ವಾನ್‌ಸೇ ಬಂಗಲೆ ಮ್ಯೂಸಿಯಂ ಆಗಲು ಐವತ್ತು ವರ್ಷ

ಬರ್ಲಿನ್ನಿನ ನೈರುತ್ಯದ ಅಂಚಿನಲ್ಲಿ ರೈಲಿಳಿದು 114ನೇ ನಂಬರಿನ ಬಸ್ಸು ಹಿಡಿದರೆ ವಾನ್‌ಸೇ ಸರೋವರದ ದಂಡೆಯ ಬಂಗಲೆಗೆ ಹೋಗಬಹುದು. ಮುಂದೆ ತೋಟ, ಹಿಂದೆ ನೀರು. ಮದುವೆಗೆ ಹೇಳಿ ಮಾಡಿಸಿದ ಜಾಗ ಅನ್ನಿಸುತ್ತದೆ. ಒಳಗೆ ಹೋದಮೇಲೆ ಹಾಗನ್ನಿಸಿದ್ದಕ್ಕೇ ನಾಚಿಕೆಯಾಗುತ್ತದೆ.

1942ರ ಜನವರಿ 20ರಂದು ಇಲ್ಲಿ ಹಿಟ್ಲರನ ನಾಜಿ ಆಡಳಿತದ 15 ಮಂದಿ ಸಭೆ ಸೇರಿದ್ದರು. ಅಧ್ಯಕ್ಷತೆ ನಾಜಿ ಭದ್ರತಾ ಇಲಾಖೆಯ ಮುಖ್ಯಸ್ಥ ಹೈಡ್ರಿಕ್‌ದು, ನಡವಳಿ ಸಿದ್ಧಪಡಿಸಿದ್ದು ಅವನ ಕೈಕೆಳಗಿನ ಅಧಿಕಾರಿ ಐಕ್‌ಮನ್. ಉಳಿದವರಲ್ಲಿ ನ್ಯಾಯ, ಒಳಾಡಳಿತ, ವಿದೇಶಾಂಗ ಇಲಾಖೆಗಳ ಹಿರಿಯ ಅಧಿಕಾರಿಗಳೂ ಇದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಡಾಕ್ಟರೇಟ್ ಪಡೆದವರು. ಸುಮಾರು ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು.

ಯಹೂದಿಗಳನ್ನು ಕೊಲ್ಲುವ ತೀರ್ಮಾನ ಇಲ್ಲೇ ಆಯಿತೆಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 1933ರಲ್ಲಿ ಯಹೂದಿಗಳ ಸರ್ಕಾರಿ ನೌಕರಿ ಹೋಯಿತು, 1935ರಲ್ಲಿ ಪೌರತ್ವ, 1938ರಲ್ಲಿ ಪ್ರಾರ್ಥನಾ ಮಂದಿರಗಳು ಸುಟ್ಟವು. 1941ರ ಸೆಪ್ಟೆಂಬರಿನಲ್ಲಿ ಕೀವ್‌ನ ಬಾಬಿ ಯಾರ್ ಕಮರಿಯಲ್ಲಿ ಎರಡೇ ದಿನದಲ್ಲಿ 33,771 ಯಹೂದಿಗಳನ್ನು ಗುಂಡಿಟ್ಟು ಕೊಂದಾಗಿತ್ತು. ವಾನ್‌ಸೇಯಲ್ಲಿ ನಡೆದದ್ದು ಆ ಕೊಲೆಗಾಗಿ ಇಲಾಖೆಗಳ ಹೊಂದಾಣಿಕೆ. ಯುರೋಪಿನ 1.1 ಕೋಟಿ ಯಹೂದಿಗಳ ದೇಶವಾರು ಪಟ್ಟಿ ನಡವಳಿಯಲ್ಲಿದೆ. ಅಲ್ಬೇನಿಯಾದ 200 ಮಂದಿಯನ್ನೂ ಬಿಟ್ಟಿಲ್ಲ. 'ಕೊಲೆ' ಎಂಬ ಪದ ಮಾತ್ರ ಎಲ್ಲೂ ಇಲ್ಲ, 'ಪೂರ್ವಕ್ಕೆ ಸ್ಥಳಾಂತರ' ಎಂದಿದೆ. ಕಡತ ಓದಿ ಅಭ್ಯಾಸವಿರುವವರಿಗೆ ಈ ಭಾಷೆ ಹೊಸದೇನಲ್ಲ. ನಡವಳಿಯ ಮೂವತ್ತು ಪ್ರತಿಗಳಲ್ಲಿ ಸಿಕ್ಕಿದ್ದು 16ನೆಯದೊಂದೇ, ಅದೂ 1947ರಲ್ಲಿ.

ಯುದ್ಧಾನಂತರದ ಕತೆಯನ್ನು ಕೇಳುವವರು ಕಡಿಮೆ. 1952ರಿಂದ ಬಂಗಲೆ ಶಾಲಾ ಮಕ್ಕಳ ರಜಾ ವಸತಿಗೃಹವಾಗಿತ್ತು. ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಸ್‌ನಿಂದ ಬದುಕಿ ಬಂದ ಇತಿಹಾಸಕಾರ ಜೋಸೆಫ್ ವುಲ್ಫ್ 1960ರ ದಶಕದ ನಡುವಿನಲ್ಲಿ ಇಲ್ಲೊಂದು ದಾಖಲೆ ಕೇಂದ್ರ ಬೇಕೆಂದು ಕೇಳತೊಡಗಿದರು. ಮಕ್ಕಳು ಎಲ್ಲಿಗೆ ಹೋಗಬೇಕು ಎಂಬ ಉತ್ತರ ಬಂತು. ಆ ದಂಡೆಯಲ್ಲಿ ಬಂಗಲೆಗಳಿಗೇನೂ ಬರವಿರಲಿಲ್ಲ. ನಿಜವಾದ ಅಡಚಣೆ ಕಟ್ಟಡದ್ದಲ್ಲ. ಯುದ್ಧಕಾಲದ ಅಧಿಕಾರಿಗಳಲ್ಲಿ ಎಷ್ಟೋ ಜನ ಆಗಿನ್ನೂ ಪಿಂಚಣಿ ಪಡೆಯುತ್ತ ಇದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ಮೂಲೆ ಸೇರಿತು.

1974ರಲ್ಲಿ ವುಲ್ಫ್ ಮಗನಿಗೊಂದು ಪತ್ರ ಬರೆದರು: ಹಿಟ್ಲರ್ ಆಡಳಿತದ ಮೇಲೆ 18 ಪುಸ್ತಕ ತಂದೆ, ಏನೂ ಆಗಲಿಲ್ಲ, ಕೊಂದವರು ಪುಟ್ಟ ಮನೆ ಕಟ್ಟಿಕೊಂಡು ಹೂ ಬೆಳೆಸುತ್ತಿದ್ದಾರೆ ಎಂಬುದು ಅದರ ಸಾರ. ಅದೇ ಅಕ್ಟೋಬರಿನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು.

ಮ್ಯೂಸಿಯಂ ತೆರೆದದ್ದು 1992ರ ಜನವರಿ 20ರಂದು. ಸಭೆ ನಡೆದ ಊಟದ ಕೋಣೆಯ ಕಿಟಕಿಯಿಂದ ಈಗಲೂ ಸರೋವರ ಕಾಣುತ್ತದೆ. ಗ್ರಂಥಾಲಯಕ್ಕೆ ವುಲ್ಫ್ ಹೆಸರಿಟ್ಟಿದ್ದಾರೆ.