ಒಂದೇ ವಾಕ್ಯ, ಎರಡು ಬಾಯಿ: ಅಮೆರಿಕದ ಸುಪ್ರೀಂ ಕೋರ್ಟ್ ಕುರ್ಚಿಗಳ ಜಗಳ ಬೆಳೆದ ಬಗೆ

2016ರ ಫೆಬ್ರವರಿ 13ರಂದು ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಆಂಟನಿನ್ ಸ್ಕಲಿಯಾ ಟೆಕ್ಸಾಸ್‌ನಲ್ಲಿ ತೀರಿಕೊಂಡರು. ಸುದ್ದಿ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಹೇಳಿಕೆ ಕೊಟ್ಟರು. ಮುಂದಿನ ನ್ಯಾಯಮೂರ್ತಿಯನ್ನು ಆರಿಸುವುದರಲ್ಲಿ ಅಮೆರಿಕದ ಜನರಿಗೂ ಮಾತಿರಬೇಕು, ಹಾಗಾಗಿ ಹೊಸ ಅಧ್ಯಕ್ಷರು ಬರುವವರೆಗೆ ಈ ಜಾಗ ತುಂಬಬಾರದು ಎಂದರು. ಆಗ ಅಧ್ಯಕ್ಷರಾಗಿದ್ದವರು ಬರಾಕ್ ಒಬಾಮ. ಅವರ ಅವಧಿ ಇನ್ನೂ 11 ತಿಂಗಳು ಬಾಕಿ ಇತ್ತು.

2020ರ ಸೆಪ್ಟೆಂಬರ್ 18ರಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತೀರಿಕೊಂಡರು. ಚುನಾವಣೆಗೆ 46 ದಿನ ಇತ್ತು. ಆ ಸಂಜೆ ಡೆಮಾಕ್ರಟಿಕ್ ನಾಯಕ ಚಕ್ ಶೂಮರ್ ಟ್ವಿಟರ್‌ನಲ್ಲಿ ಮೆಕಾನೆಲ್ ಅವರ ಅದೇ ಮಾತನ್ನು ಪದ ಬದಲಿಸದೆ ಬರೆದರು. ಮೆಕಾನೆಲ್ ಅದೇ ರಾತ್ರಿ ಬೇರೆ ಮಾತು ಹೇಳಿದರು. ಅಧ್ಯಕ್ಷ ಟ್ರಂಪ್ ಸೂಚಿಸುವವರ ಹೆಸರನ್ನು ಸೆನೆಟ್‌ನಲ್ಲಿ ಮತಕ್ಕೆ ಹಾಕುತ್ತೇವೆ ಎಂದರು.

ಈ ಎರಡು ದಿನಗಳ ನಡುವಿನ ಅಂತರ ನೋಡಿ ಸಿಟ್ಟು ಬರುವುದು ಸಹಜ. ಆದರೆ ಸಿಟ್ಟಲ್ಲೇ ನಿಂತರೆ, ಇಂಥ ಜಾಗಕ್ಕೆ ಅಮೆರಿಕದ ರಾಜಕೀಯ ಹೇಗೆ ಬಂದು ಮುಟ್ಟಿತು ಅನ್ನುವುದು ಕಾಣುವುದಿಲ್ಲ. ಅದಕ್ಕೆ ಕೊಂಚ ಹಿಂದೆ ಹೋಗಬೇಕು.

ಮೊದಲು ವ್ಯವಸ್ಥೆಯ ಬಗ್ಗೆ ಎರಡು ಮಾತು. ಅಮೆರಿಕದಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೆ ನಿವೃತ್ತಿ ವಯಸ್ಸಿಲ್ಲ. ಒಂಬತ್ತು ಕುರ್ಚಿಗಳು, ಎಲ್ಲವೂ ಜೀವನಪರ್ಯಂತ. ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್ ಒಪ್ಪಬೇಕು. ಎಷ್ಟು ದಿನದಲ್ಲಿ ಒಪ್ಪಬೇಕು, ಚುನಾವಣೆಯ ವರ್ಷದಲ್ಲಿ ಏನು ಮಾಡಬೇಕು, ಸೂಚಿತರನ್ನು ಕೂರಿಸಿ ಪ್ರಶ್ನಿಸುವ ವಿಚಾರಣೆಯನ್ನೇ ನಡೆಸದೆ ಬಿಡಬಹುದಾ, ಇದ್ಯಾವುದನ್ನೂ ಸಂವಿಧಾನ ಹೇಳುವುದಿಲ್ಲ. ಆ ಖಾಲಿ ಜಾಗವನ್ನು ಬಹಳ ಕಾಲ ತುಂಬಿದ್ದು ರೂಢಿ. ಬರೆದಿಟ್ಟ ನಿಯಮ ಮುರಿದರೆ ಯಾರಾದರೂ ಬೊಟ್ಟು ಮಾಡಿ ತೋರಿಸಬಹುದು. ರೂಢಿ ಮುರಿದಾಗ ಮಾತ್ರ, ಮುರಿದದ್ದು ಯಾರು ಅನ್ನುವುದೇ ಒಂದು ಜಗಳ.

ಈ ಜಗಳದ ಹಳೆಯ ಕೊಂಡಿ 1968ರದ್ದು. ಅಧ್ಯಕ್ಷ ಲಿಂಡನ್ ಜಾನ್ಸನ್ ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಮಾರ್ಚ್‌ನಲ್ಲೇ ಹೇಳಿದ್ದರು. ಜೂನ್‌ನಲ್ಲಿ ಅವರು ತಮ್ಮ ಆಪ್ತ ಏಬ್ ಫೋರ್ಟಾಸ್ ಅವರನ್ನು ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ಸೂಚಿಸಿದರು. ಹೊರಟು ನಿಂತಿರುವ ಅಧ್ಯಕ್ಷರಿಗೆ ಈ ಹಕ್ಕೇಕೆ ಎಂದು ರಿಪಬ್ಲಿಕನ್ನರು ಕೇಳಿದರು. ಜಾನ್ಸನ್ ಅವರ ಪಕ್ಷದ್ದೇ ಆದ ದಕ್ಷಿಣದ ಡೆಮಾಕ್ರಟರು ರಿಪಬ್ಲಿಕನ್ನರ ಜೊತೆ ಸೇರಿದರು. ಫೋರ್ಟಾಸ್ ಹೊರಗಿನಿಂದ ಹಣ ಪಡೆದಿದ್ದ ವಿಚಾರವೂ ಬಯಲಾಯಿತು. ಚರ್ಚೆ ಮುಗಿಸಲು ಬೇಕಾದಷ್ಟು ಮತ ಸಿಗಲಿಲ್ಲ, ಹೆಸರು ವಾಪಸಾಯಿತು. ಚರ್ಚೆಯನ್ನು ಎಳೆದೆಳೆದು ಮತದಾನವನ್ನೇ ತಡೆಯುವ ಈ ತಂತ್ರಕ್ಕೆ ಫಿಲಿಬಸ್ಟರ್ ಎನ್ನುತ್ತಾರೆ. 1975ರ ನಂತರ ಅದನ್ನು ಮುರಿಯಲು 100 ಸದಸ್ಯರಲ್ಲಿ 60 ಮಂದಿ ಬೇಕು.

ಆದರೂ ಇದಾದ ಮೇಲೆ ಬಹುಪಾಲು ನೇಮಕಗಳು ಸರಾಗವಾಗಿಯೇ ನಡೆದವು. 1986ರಲ್ಲಿ ಸ್ಕಲಿಯಾ ಅವರಿಗೆ ಸಿಕ್ಕ ಮತ 98, ವಿರುದ್ಧ ಒಂದೂ ಇಲ್ಲ. ಸ್ಕಲಿಯಾ ಕಟ್ಟಾ ಸಂಪ್ರದಾಯವಾದಿ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಟೆಡ್ ಕೆನಡಿಯಂಥ ಉದಾರವಾದಿ ಕೂಡ ಅವರ ಪರ ಮತ ಹಾಕಿದರು.

ಮುಂದಿನ ವರ್ಷವೇ ಗಾಳಿ ತಿರುಗಿತು. 1987ರ ಜುಲೈನಲ್ಲಿ ಅಧ್ಯಕ್ಷ ರೇಗನ್ ರಾಬರ್ಟ್ ಬೋರ್ಕ್ ಅವರ ಹೆಸರು ಹೇಳಿದರು. ಒಂದು ಗಂಟೆಯೊಳಗೆ ಅದೇ ಕೆನಡಿ ಸೆನೆಟ್‌ನಲ್ಲಿ ಎದ್ದು ನಿಂತರು. ಬೋರ್ಕ್ ಅವರ ಅಮೆರಿಕದಲ್ಲಿ ಹೆಂಗಸರು ಕದ್ದುಮುಚ್ಚಿ ಗರ್ಭಪಾತ ಮಾಡಿಸಿಕೊಳ್ಳಬೇಕಾಗುತ್ತದೆ, ಕಪ್ಪು ಜನ ಪ್ರತ್ಯೇಕ ಕೌಂಟರ್‌ಗಳಲ್ಲಿ ಕೂರಬೇಕಾಗುತ್ತದೆ ಎಂದರು. ದೊಡ್ಡ ಪ್ರಚಾರ ಆಂದೋಲನ ನಡೆಯಿತು, ಟಿವಿ ಜಾಹೀರಾತು ಬಂದವು. ಅಕ್ಟೋಬರ್‌ನಲ್ಲಿ 58-42ರಿಂದ ಬೋರ್ಕ್ ಸೋತರು. ಡೆಮಾಕ್ರಟರ ಲೆಕ್ಕದಲ್ಲಿ ಇದು ಸೆನೆಟ್ ತನ್ನ ಕೆಲಸ ಮಾಡಿದ್ದು. ವಿಚಾರಣೆ ಆಯಿತು, ಮತ ಬಿತ್ತು, ಆರು ರಿಪಬ್ಲಿಕನ್ನರೂ ವಿರುದ್ಧ ಮತ ಹಾಕಿದರು. ರಿಪಬ್ಲಿಕನ್ನರಿಗೆ ಮಾತ್ರ ಇದು ಮರೆಯಲಾಗದ ಅನ್ಯಾಯ. ಒಬ್ಬ ವಿದ್ವಾಂಸನ ಹೆಸರು ಕೆಡಿಸಿ ಸೋಲಿಸಿದರು ಎನ್ನುವುದು ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ನನಗೆ ಈ ಇಡೀ ಇತಿಹಾಸದಲ್ಲಿ ಮುಖ್ಯವಾಗಿ ಕಾಣುವುದು ಇದೇ. ಎರಡೂ ಪಕ್ಷದವರು ಲೆಕ್ಕ ಬರೆಯುತ್ತಾರೆ. ಆದರೆ ತಮಗೆ ಪೆಟ್ಟು ಬಿದ್ದ ದಿನದಿಂದ ಬರೆಯಲು ಶುರುಮಾಡುತ್ತಾರೆ. ಅದಕ್ಕೆ ಹಿಂದಿನದು ಅವರ ಪುಸ್ತಕದಲ್ಲಿ ಇರುವುದಿಲ್ಲ. ಅತ್ತೆ ಒಡೆದದ್ದು ಒಡಕು ಮಡಕೆ, ಸೊಸೆ ಒಡೆದದ್ದು ಹೊಸ ಮಡಕೆ ಎಂಬ ಗಾದೆ ನಮ್ಮಲ್ಲಿದೆಯಲ್ವಾ? ಇಲ್ಲಿ ಇಬ್ಬರೂ ತಾವೇ ಸೊಸೆ ಎಂದುಕೊಂಡಿದ್ದಾರೆ. ಹಾಗೆ ಅಂದುಕೊಳ್ಳುವುದರಲ್ಲಿ ನಾಟಕ ಕಡಿಮೆ. ಬಹಳ ಮಂದಿ ಅದನ್ನು ನಿಜವಾಗಿಯೂ ನಂಬಿದ್ದಾರೆ.

1992ರ ಜೂನ್‌ನಲ್ಲಿ ಸೆನೆಟ್‌ನ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿದ್ದವರು ಜೋ ಬೈಡನ್. ಚುನಾವಣೆ ಹತ್ತಿರ ಇದೆ, ಈಗ ಜಾಗ ಖಾಲಿಯಾದರೆ ಅಧ್ಯಕ್ಷ ಬುಷ್ ನವೆಂಬರ್ ಮುಗಿಯುವವರೆಗೆ ಹೆಸರು ಸೂಚಿಸಬಾರದು ಎಂದು ಅವರು ದೀರ್ಘ ಭಾಷಣ ಮಾಡಿದರು. ಆಗ ಯಾವ ಜಾಗವೂ ಖಾಲಿ ಇರಲಿಲ್ಲ, ಮಾತು ಗಾಳಿಗೆ ಹೋಯಿತು. 24 ವರ್ಷದ ನಂತರ ಬೈಡನ್ ಉಪಾಧ್ಯಕ್ಷರಾಗಿದ್ದಾಗ ರಿಪಬ್ಲಿಕನ್ನರು ಆ ಭಾಷಣವನ್ನು ಹುಡುಕಿ ತೆಗೆದು ಅದಕ್ಕೆ 'ಬೈಡನ್ ನಿಯಮ' ಎಂದು ಹೆಸರಿಟ್ಟರು.

ಕೆಳಗಿನ ಕೋರ್ಟ್‌ಗಳಲ್ಲೂ ಇದೇ ನಡೆದಿತ್ತು. 1992ರಲ್ಲಿ ಬುಷ್ ಒಬ್ಬ ಯುವ ವಕೀಲರನ್ನು ವಾಷಿಂಗ್ಟನ್‌ನ ಮೇಲ್ಮನವಿ ಕೋರ್ಟ್‌ಗೆ ಸೂಚಿಸಿದರು. ಡೆಮಾಕ್ರಟರ ಸೆನೆಟ್ ವಿಚಾರಣೆಯನ್ನೇ ನಡೆಸಲಿಲ್ಲ. 1999ರಲ್ಲಿ ಕ್ಲಿಂಟನ್ ಅದೇ ಕೋರ್ಟ್‌ಗೆ ಒಬ್ಬ ಮಹಿಳೆಯನ್ನು ಸೂಚಿಸಿದರು. ರಿಪಬ್ಲಿಕನ್ ಸೆನೆಟ್ ವಿಚಾರಣೆ ನಡೆಸಲಿಲ್ಲ. ಮೊದಲನೆಯವರು ಜಾನ್ ರಾಬರ್ಟ್ಸ್, ಎರಡನೆಯವರು ಎಲೆನಾ ಕೇಗನ್. ಇಬ್ಬರೂ ಮುಂದೆ ಸುಪ್ರೀಂ ಕೋರ್ಟ್ ಸೇರಿದರು, ರಾಬರ್ಟ್ಸ್ ಮುಖ್ಯ ನ್ಯಾಯಮೂರ್ತಿಯೇ ಆದರು.

2003ರ ಹೊತ್ತಿಗೆ ಡೆಮಾಕ್ರಟರು ಕಿರಿಯ ಬುಷ್ ಸೂಚಿಸಿದ ಹಲವರನ್ನು ಫಿಲಿಬಸ್ಟರ್ ಬಳಸಿ ತಡೆದರು. ಹೊಂಡುರಾಸ್‌ನಲ್ಲಿ ಹುಟ್ಟಿದ ಮಿಗೆಲ್ ಎಸ್ಟ್ರಾಡಾ ಎರಡು ವರ್ಷಕ್ಕೂ ಜಾಸ್ತಿ ಕಾದು ಹಿಂದೆ ಸರಿದರು. ರಿಪಬ್ಲಿಕನ್ನರು 'ಅಣ್ವಸ್ತ್ರ'ದ ಬೆದರಿಕೆ ಹಾಕಿದರು. ಅಂದರೆ 60ರ ಲೆಕ್ಕವನ್ನೇ ಕಿತ್ತುಹಾಕಿ ಸರಳ ಬಹುಮತ ಸಾಕು ಎಂದು ಮಾಡುವುದು. 2005ರಲ್ಲಿ ಮೆಕಾನೆಲ್ ಅದರ ಪರ ಇದ್ದರು. ಸೆನೆಟ್‌ನ ಡೆಮಾಕ್ರಟಿಕ್ ನಾಯಕ ಹ್ಯಾರಿ ರೀಡ್, ಬೈಡನ್, ಒಬಾಮ, ಶೂಮರ್ ಎಲ್ಲರೂ ವಿರುದ್ಧ. ಎರಡೂ ಕಡೆಯ ಏಳೇಳು ಮಂದಿ ಕೂತು ರಾಜಿ ಮಾಡಿದ್ದರಿಂದ ಆಗ ಅನಾಹುತ ತಪ್ಪಿತು.

ಎಂಟು ವರ್ಷದಲ್ಲಿ ಪಾತ್ರಗಳು ಪೂರ್ತಿ ಅದಲುಬದಲಾದವು. ಈಗ ಒಬಾಮ ಅಧ್ಯಕ್ಷರು, ತಡೆಯುವವರು ರಿಪಬ್ಲಿಕನ್ನರು. 2013ರ ನವೆಂಬರ್ 21ರಂದು ರೀಡ್ ತಾವು ವಿರೋಧಿಸಿದ್ದ ಅಸ್ತ್ರವನ್ನೇ ಪ್ರಯೋಗಿಸಿದರು. ಸುಪ್ರೀಂ ಕೋರ್ಟ್ ಬಿಟ್ಟು ಉಳಿದ ಎಲ್ಲ ನೇಮಕಕ್ಕೂ ಸರಳ ಬಹುಮತ ಸಾಕು ಎಂದು 52-48ರಿಂದ ತೀರ್ಮಾನವಾಯಿತು. ಇದಕ್ಕೆ ಪಶ್ಚಾತ್ತಾಪ ಪಡುತ್ತೀರಿ, ನೀವು ಅಂದುಕೊಂಡದ್ದಕ್ಕಿಂತ ಬೇಗ ಪಡಬಹುದು ಎಂದು ಮೆಕಾನೆಲ್ ಎಚ್ಚರಿಸಿದರು. 2017ರ ಏಪ್ರಿಲ್‌ನಲ್ಲಿ ಸ್ಕಲಿಯಾ ಜಾಗಕ್ಕೆ ಟ್ರಂಪ್ ಸೂಚಿಸಿದ ನೀಲ್ ಗೋರ್ಸಚ್ ಅವರಿಗಾಗಿ ಸುಪ್ರೀಂ ಕೋರ್ಟ್‌ಗೂ ಅದೇ ಅಸ್ತ್ರ ಬಳಸಿದವರು ಸ್ವತಃ ಮೆಕಾನೆಲ್.

ಪತ್ರಿಕೆಗಳೂ ಈ ಸುಳಿಯಿಂದ ಹೊರಗಿರಲಿಲ್ಲ. ನ್ಯೂಯಾರ್ಕ್ ಟೈಮ್ಸ್ 1995ರ ಹೊಸ ವರ್ಷದ ದಿನ ಸಂಪಾದಕೀಯ ಬರೆದು, ಫಿಲಿಬಸ್ಟರ್‌ಗೆ ನಿವೃತ್ತಿ ಕೊಡಿ ಎಂದಿತ್ತು. ಕ್ಲಿಂಟನ್ ಅವರ ಕಾರ್ಯಕ್ರಮಗಳಿಗೆ ರಿಪಬ್ಲಿಕನ್ನರು ಅಡ್ಡಗಾಲು ಹಾಕಿದ್ದ ನೆನಪು ಆಗಿನ್ನೂ ಹಸಿಯಾಗಿತ್ತು. 2005ರಲ್ಲಿ ಬುಷ್ ಅವರನ್ನು ಡೆಮಾಕ್ರಟರು ತಡೆಯುತ್ತಿದ್ದಾಗ ಅದೇ ಪುಟ ಫಿಲಿಬಸ್ಟರ್ ಉಳಿಯಬೇಕು ಎಂದಿತು. ಹತ್ತು ವರ್ಷದ ಹಿಂದೆ ನಾವು ಬರೆದದ್ದು ತಪ್ಪು ಎಂದು ಬಾಯಿಬಿಟ್ಟೇ ಹೇಳಿತು. ಆ ಪ್ರಾಮಾಣಿಕತೆಗೆ ನನಗೆ ಗೌರವವಿದೆ, ಎಷ್ಟೋ ಪತ್ರಿಕೆಗಳು ಸುಮ್ನೆ ಇದ್ದುಬಿಡುತ್ತವೆ. ಆದರೆ 2013ರಲ್ಲಿ ರೀಡ್ ನಿಯಮ ಬದಲಿಸಿದಾಗ ಆ ಪುಟ ಮತ್ತೆ ಅದನ್ನು ಸ್ವಾಗತಿಸಿತು. ಬಲಪಂಥದ ರೇಡಿಯೊ, ಟಿವಿಗಳಲ್ಲಂತೂ ಹಿಂದೆ ಹೇಳಿದ್ದನ್ನು ನೆನಪಿಸಿಕೊಳ್ಳುವ ಅಭ್ಯಾಸವೇ ಅಪರೂಪ.

ಇದಕ್ಕೆ ಮಾಧ್ಯಮದ ರಚನೆಯಲ್ಲೂ ಕಾರಣವಿದೆ. ವಿವಾದದ ವಿಷಯಗಳಲ್ಲಿ ಬೇರೆ ಬೇರೆ ಅಭಿಪ್ರಾಯಕ್ಕೂ ಜಾಗ ಕೊಡಬೇಕು ಎಂಬ ನಿಯಮ ಅಮೆರಿಕದ ರೇಡಿಯೊ, ಟಿವಿಗಳಿಗೆ 1949ರಿಂದ ಇತ್ತು. ಬೋರ್ಕ್ ಜಗಳ ನಡೆಯುತ್ತಿದ್ದ 1987ರ ಆಗಸ್ಟ್‌ನಲ್ಲೇ ಅದು ಹೋಯಿತು. ಮರುವರ್ಷ ಬಲಪಂಥದ ನಿರೂಪಕ ರಷ್ ಲಿಂಬಾ ಅವರ ರೇಡಿಯೊ ಕಾರ್ಯಕ್ರಮ ದೇಶವಿಡೀ ಹಬ್ಬಿತು. 1996ರಲ್ಲಿ ಎಂಎಸ್‌ಎನ್‌ಬಿಸಿ ಮತ್ತು ಫಾಕ್ಸ್ ನ್ಯೂಸ್ ಶುರುವಾದವು. ಕೇಬಲ್ ಚಾನೆಲ್‌ಗಳಿಗೆ ಆ ಹಳೆಯ ನಿಯಮ ಇದ್ದಿದ್ದರೂ ಅನ್ವಯಿಸುತ್ತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಎದುರಾಳಿಯ ಹಳೆಯ ವಿಡಿಯೊ ತೋರಿಸುವುದು ಇಂಥ ಚಾನೆಲ್‌ಗಳಿಗೆ ದಿನನಿತ್ಯದ ಕೆಲಸವಾಯಿತು. ತಮ್ಮವರ ವಿಡಿಯೊ ಎದುರಿನ ಚಾನೆಲ್‌ನಲ್ಲಿ ಓಡುತ್ತಿರುತ್ತದೆ, ಅದನ್ನು ಇವರ ವೀಕ್ಷಕರು ನೋಡುವುದಿಲ್ಲ.

ನೋಡುಗರ ಮನಸ್ಸೂ ಇದಕ್ಕೆ ಒಗ್ಗಿಕೊಳ್ಳುತ್ತದೆ. 2003ರಲ್ಲಿ ಮನಶ್ಶಾಸ್ತ್ರಜ್ಞ ಜೆಫ್ರಿ ಕೋಹೆನ್ ಪ್ರಕಟಿಸಿದ ಅಧ್ಯಯನವೊಂದಿದೆ. ವಿದ್ಯಾರ್ಥಿಗಳಿಗೆ ಬಡವರ ನೆರವಿನ ಎರಡು ಯೋಜನೆಗಳಲ್ಲಿ ಒಂದನ್ನು ತೋರಿಸಿದರು. ಒಂದು ಧಾರಾಳ, ಇನ್ನೊಂದು ಬಿಗಿ. ನಿಮ್ಮ ಪಕ್ಷ ಇದನ್ನು ಒಪ್ಪಿದೆ ಎಂದಾಗ ಉದಾರವಾದಿಗಳು ಬಿಗಿ ಯೋಜನೆಯನ್ನೂ, ಸಂಪ್ರದಾಯವಾದಿಗಳು ಧಾರಾಳದ್ದನ್ನೂ ಮೆಚ್ಚಿದರು. ಪಕ್ಷದ ಹೆಸರು ನಿಮ್ಮ ಮೇಲೆ ಪ್ರಭಾವ ಬೀರಿತಾ ಎಂದು ಕೇಳಿದರೆ, ಇಲ್ಲ, ಯೋಜನೆಯನ್ನು ಓದಿ ನಿರ್ಧರಿಸಿದೆವು ಎಂದರು.

ಈಗ ಮತ್ತೆ 2016ಕ್ಕೆ ಬರೋಣ. ಒಬಾಮ ಯಾರನ್ನು ಸೂಚಿಸುತ್ತಾರೆ ಎಂಬ ಚರ್ಚೆಯಲ್ಲಿ ಚಂಡೀಗಢದಲ್ಲಿ ಹುಟ್ಟಿದ ಶ್ರೀ ಶ್ರೀನಿವಾಸನ್ ಅವರ ಹೆಸರೂ ಇತ್ತು. ಅವರು 2013ರಲ್ಲಿ ಮೇಲ್ಮನವಿ ಕೋರ್ಟ್‌ಗೆ 97-0 ಮತದಿಂದ ಆಯ್ಕೆಯಾಗಿದ್ದರು. ಕೊನೆಗೆ ಒಬಾಮ ಮಾರ್ಚ್ 16ರಂದು 63 ವರ್ಷದ ಮೆರಿಕ್ ಗಾರ್ಲಂಡ್ ಅವರನ್ನು ಆರಿಸಿದರು. ಹಿರಿಯ ರಿಪಬ್ಲಿಕನ್ ಆರಿನ್ ಹ್ಯಾಚ್ ಕೆಲವೇ ದಿನ ಮೊದಲು, ಗಾರ್ಲಂಡ್ ಒಳ್ಳೆಯ ಮನುಷ್ಯ, ಆದರೆ ಒಬಾಮ ಅಂಥವರನ್ನು ಸೂಚಿಸುವುದಿಲ್ಲ ಎಂದಿದ್ದರು. ಸೂಚಿಸಿದ ಮೇಲೂ ವಿಚಾರಣೆ ನಡೆಯಲಿಲ್ಲ. 293 ದಿನ ಕಾದು ಆ ಹೆಸರು ತಾನಾಗಿ ಬಿದ್ದುಹೋಯಿತು.

ದಕ್ಷಿಣ ಕ್ಯಾರೊಲಿನಾದ ಲಿಂಡ್ಸೆ ಗ್ರಹಾಂ ಆ ವರ್ಷ ಇನ್ನೂ ಮುಂದೆ ಹೋಗಿ, ಮುಂದೆ ರಿಪಬ್ಲಿಕನ್ ಅಧ್ಯಕ್ಷರ ಕೊನೆಯ ವರ್ಷದಲ್ಲಿ ಜಾಗ ಖಾಲಿಯಾದರೆ ನನ್ನ ಈ ಮಾತನ್ನೇ ನನ್ನ ವಿರುದ್ಧ ಬಳಸಿ ಎಂದಿದ್ದರು. 2020ರಲ್ಲಿ ನ್ಯಾಯಾಂಗ ಸಮಿತಿಯ ಅಧ್ಯಕ್ಷರಾಗಿ ಗಿನ್ಸ್‌ಬರ್ಗ್ ಜಾಗಕ್ಕೆ ಟ್ರಂಪ್ ಸೂಚಿಸಿದ ಏಮಿ ಕೋನಿ ಬ್ಯಾರೆಟ್ ಅವರ ವಿಚಾರಣೆ ನಡೆಸಿಕೊಟ್ಟವರು ಇದೇ ಗ್ರಹಾಂ. 2018ರಲ್ಲಿ ಟ್ರಂಪ್ ಸುಪ್ರೀಂ ಕೋರ್ಟ್‌ಗೆ ಸೂಚಿಸಿದ್ದ ಬ್ರೆಟ್ ಕ್ಯಾವನಾ ಅವರನ್ನು ಡೆಮಾಕ್ರಟರು ನಡೆಸಿಕೊಂಡ ರೀತಿ ನೋಡಿ ಮನಸ್ಸು ಬದಲಾಯಿತು ಎಂದು ಕಾರಣ ಕೊಟ್ಟರು. ಅಕ್ಟೋಬರ್ 26ರಂದು, ಚುನಾವಣೆಗೆ ಎಂಟು ದಿನ ಇರುವಾಗ, 52-48ರಿಂದ ಬ್ಯಾರೆಟ್ ಗೆದ್ದರು. ವಿರುದ್ಧ ಮತ ಹಾಕಿದ ಒಬ್ಬರೇ ರಿಪಬ್ಲಿಕನ್ ಸೂಸನ್ ಕಾಲಿನ್ಸ್.

ಡೆಮಾಕ್ರಟರೂ ಈ ನಾಲ್ಕು ವರ್ಷದಲ್ಲಿ ಮಾತು ತಿರುಗಿಸಿದರು. 2016ರಲ್ಲಿ, ಹೆಸರು ಬಂದ ಮೇಲೆ ಮತ ಹಾಕುವುದು ಸೆನೆಟ್‌ನ ಸಾಂವಿಧಾನಿಕ ಕರ್ತವ್ಯ ಎಂದಿದ್ದರು. 2020ರಲ್ಲಿ ಕಾಯಿರಿ ಎಂದರು. ನೀವು ಮಾಡಿದ ನಿಯಮವನ್ನು ನೀವೇ ಪಾಲಿಸಿ ಎನ್ನುವ ಅವರ ವಾದದಲ್ಲಿ ಹುರುಳಿತ್ತು. ಮೆಕಾನೆಲ್ ಅವರ ಸಮರ್ಥನೆಯೂ ಪೂರ್ತಿ ಹೊಸದಲ್ಲ. ಅಧ್ಯಕ್ಷರದ್ದು ಒಂದು ಪಕ್ಷ, ಸೆನೆಟ್‌ನದ್ದು ಇನ್ನೊಂದು ಪಕ್ಷ ಆಗಿದ್ದಾಗಲಷ್ಟೇ ಕಾಯಬೇಕು ಎನ್ನುವುದು ಅವರ ವಾದ. 2016ರಲ್ಲೂ ಆ ಎಳೆ ಇತ್ತು. ಆದರೆ ಜನರ ಮುಂದೆ ಆಗ ಇಟ್ಟದ್ದು ಜನರ ದನಿಯ ವಾದವನ್ನು.

ಇಬ್ಬರೂ ಒಂದೇ ಎಂದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಬೋರ್ಕ್ ಅವರಿಗೆ ವಿಚಾರಣೆ ಸಿಕ್ಕಿತು, ಮತ ಸಿಕ್ಕಿತು. ಗಾರ್ಲಂಡ್ ಅವರಿಗೆ ಎರಡೂ ಸಿಗಲಿಲ್ಲ. ಬೈಡನ್ ಮಾಡಿದ್ದು ಭಾಷಣ, ಮೆಕಾನೆಲ್ ಮಾಡಿದ್ದು ಕೆಲಸ. ಅದರ ಪರಿಣಾಮ ಕೋಟಿಗಟ್ಟಲೆ ಜನರ ಬದುಕನ್ನು ಮುಟ್ಟಿದೆ. 2022ರ ಜೂನ್ 24ರಂದು ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ತೆಗೆದ ಐವರಲ್ಲಿ ಗೋರ್ಸಚ್ ಮತ್ತು ಬ್ಯಾರೆಟ್ ಇದ್ದರು. ಮರುವರ್ಷ ಕಾಲೇಜು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಗೆ ಅದೇ ಕೋರ್ಟ್‌ನ ಬಹುಮತ ತೆರೆ ಎಳೆದಾಗ, ಮಕ್ಕಳನ್ನು ಅಲ್ಲಿ ಓದಿಸುತ್ತಿರುವ ಕನ್ನಡಿಗರ ಮನೆಗಳಿಗೂ ಅದು ದೂರದ ಸುದ್ದಿಯಾಗಿರಲಿಲ್ಲ.

2022ರ ಏಪ್ರಿಲ್‌ನಲ್ಲಿ ಬೈಡನ್ ಸೂಚಿಸಿದ ಕೆಟಾಂಜಿ ಬ್ರೌನ್ ಜಾಕ್ಸನ್ 53-47ರಿಂದ ಗೆದ್ದರು. ಮೂವರು ರಿಪಬ್ಲಿಕನ್ನರಷ್ಟೇ ಅವರ ಪರ ಇದ್ದರು. 98-0ರ ಕಾಲ ಮುಗಿದುಹೋಗಿದೆ.

ಇದಕ್ಕೆ ದಾರಿ ಹುಡುಕುವವರು ಈಗ ಹೆಚ್ಚಾಗಿ ಮಾತಾಡುವುದು 18 ವರ್ಷದ ಅವಧಿಯ ಬಗ್ಗೆ. ಪ್ರತಿ ಎರಡು ವರ್ಷಕ್ಕೆ ಒಂದು ಜಾಗ ಖಾಲಿಯಾಗಬೇಕು, ಪ್ರತಿ ಅಧ್ಯಕ್ಷರಿಗೂ ನಾಲ್ಕು ವರ್ಷದಲ್ಲಿ ಎರಡು ನೇಮಕ ಸಿಗಬೇಕು. ಆಗ ಯಾವ ಸಾವೂ ಚುನಾವಣೆಯ ಲೆಕ್ಕಕ್ಕೆ ಬರುವುದಿಲ್ಲ. 2024ರ ಜುಲೈನಲ್ಲಿ ಬೈಡನ್ ಇದನ್ನು ಬೆಂಬಲಿಸಿದರು, ಆ ಹೊತ್ತಿಗೆ ಕೋರ್ಟ್‌ನಲ್ಲಿ ಬಲ ಸಂಪ್ರದಾಯವಾದಿಗಳ ಪರ 6-3 ಆಗಿತ್ತು. ಅದು ಸದನಕ್ಕೆ ಬರುವ ಮೊದಲೇ ಸತ್ತ ಪ್ರಸ್ತಾಪ ಎಂದು ಕೆಳಮನೆಯ ರಿಪಬ್ಲಿಕನ್ ಸ್ಪೀಕರ್ ಮೈಕ್ ಜಾನ್ಸನ್ ತಳ್ಳಿಹಾಕಿದರು. ಹಲವು ಕಾನೂನು ತಜ್ಞರ ಪ್ರಕಾರ ಇದಕ್ಕೆ ಸಂವಿಧಾನ ತಿದ್ದುಪಡಿಯೇ ಬೇಕು. ಅಂದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ, ಆಮೇಲೆ 38 ರಾಜ್ಯಗಳ ಒಪ್ಪಿಗೆ. ಒಂದು ಪಕ್ಷ ಒಬ್ಬಂಟಿಯಾಗಿ ಅಷ್ಟನ್ನು ಗಳಿಸುವ ಸ್ಥಿತಿ ಇಂದಿನ ಅಮೆರಿಕದಲ್ಲಿ ಇಲ್ಲ.