ಏಳು ರೇಸುಗಳ ಕಾರ್ಡಿನಲ್ಲಿ ಗೆಲ್ಲುವ ಕುದುರೆಯನ್ನು ಗುರುತಿಸುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮದು ಬೀದರ್ ಜಿಲ್ಲೆಯ ಹುಮನಾಬಾದ್. ಹೈದರಾಬಾದಿನ ಮಲಕಪೇಟೆಯಲ್ಲಿ ರೇಸ್ ಇರುವ ದಿನ ನಮ್ಮ ಮಾವನವರೂ ನಾನೂ ಆ ದಿನದ ರೇಸುಗಳ ಪಟ್ಟಿಯಾದ ಕಾರ್ಡ್ ಹಿಡಿದು ಕೂತು, ಏಳೂ ರೇಸುಗಳಿಗೆ ಒಂದೊಂದು ಕುದುರೆಗೆ ಗುರುತು ಹಾಕುತ್ತೇವೆ. ಅವರು ಕಳೆದ ಸಲ ಗೆದ್ದ ಕುದುರೆಯನ್ನೇ ಹಿಡಿಯುತ್ತಾರೆ, ನಾನು ಜಾಕಿಯ ಹೆಸರು ನೋಡುತ್ತೇನೆ. ಇಬ್ಬರ ಲೆಕ್ಕವೂ ಹೆಚ್ಚು ಸಲ ತಪ್ಪುತ್ತದೆ. ಇದಕ್ಕೊಂದು ಸರಿಯಾದ ಕ್ರಮ ಇದೆಯೇ, ಅಥವಾ ಎಲ್ಲವೂ ಬರೀ ನಸೀಬವೇ?

ಉತ್ತರ: ಕ್ರಮ ಇದೆ. ಕುದುರೆ ರೇಸು ಪ್ರಧಾನವಾಗಿ ಕೌಶಲದ ಆಟವೇ ಹೊರತು ಕೇವಲ ಅದೃಷ್ಟದ ಆಟವಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ನೀಡಿದ್ದು ಸುಮ್ಮನೆ ಅಲ್ಲ. ಕುದುರೆಯ ವಂಶ, ಅದರ ತಾಲೀಮು, ಹಿಂದಿನ ಓಟಗಳು, ಜಾಕಿಯ ಕೈಚಳಕ ಇವೆಲ್ಲವನ್ನೂ ಓದಿ ತೂಗಬಹುದು. ಆದರೆ ಆ ಕೌಶಲದ ಮೊದಲ ಹೆಜ್ಜೆ ನಿಮ್ಮಿಬ್ಬರ ಈಗಿನ ರೂಢಿಗೆ ತೀರ ವಿರುದ್ಧವಾದದ್ದು. ಏಳಕ್ಕೆ ಏಳು ರೇಸುಗಳಿಗೂ ಗುರುತು ಹಾಕುವುದನ್ನು ಬಿಡಬೇಕು. ಒಂದು ದಿನದ ಕಾರ್ಡಿನಲ್ಲಿ ನಿಜವಾಗಿ ಓದಿ ತಿಳಿಯಬಹುದಾದ ರೇಸುಗಳು ಎರಡೋ ಮೂರೋ ಇರುತ್ತವೆ. ಉಳಿದವುಗಳಲ್ಲಿ ಎಷ್ಟು ತಲೆ ಕೆಡಿಸಿಕೊಂಡರೂ ಫಲ ಕಡಿಮೆ.

ಇದಕ್ಕೆ ಕಾರಣ ಹ್ಯಾಂಡಿಕ್ಯಾಪ್ ಎಂಬ ವ್ಯವಸ್ಥೆ. ನಮ್ಮ ದೇಶದ ರೇಸ್ ಕೋರ್ಸುಗಳಲ್ಲಿ ನಡೆಯುವುದು ಫ್ಲ್ಯಾಟ್ ರೇಸ್, ಅಂದರೆ ಬೇಲಿ ಹಾರದೆ ಸಮತಟ್ಟಾದ ಟ್ರ್ಯಾಕಿನ ಮೇಲೆ ಓಡುವ ಓಟ. ಅದರಲ್ಲಿ ಬಹುಪಾಲು ಹ್ಯಾಂಡಿಕ್ಯಾಪ್ ಓಟಗಳೇ. ಪ್ರತಿ ಕುದುರೆಗೂ ಅದರ ಹಿಂದಿನ ಸಾಧನೆಯ ಮೇಲೆ ಒಂದು ರೇಟಿಂಗ್ ಕೊಡುತ್ತಾರೆ, ಆ ರೇಟಿಂಗಿನ ಪ್ರಕಾರ ಅದು ಹೊರಬೇಕಾದ ತೂಕ ನಿಗದಿಯಾಗುತ್ತದೆ. ಒಂದು ಅಂಕಕ್ಕೆ ಅರ್ಧ ಕಿಲೋ ಎಂಬುದು ಲೆಕ್ಕ. ರೇಟಿಂಗ್ 62 ಇರುವ ಕುದುರೆ 59 ಕಿಲೋ ಹೊತ್ತರೆ, ಅದೇ ಓಟದಲ್ಲಿ 52 ಇರುವ ಕುದುರೆಯ ಮೇಲೆ 54 ಕಿಲೋ ಇರುತ್ತದೆ. ಜಾಕಿ ಮತ್ತು ಜೀನು ಸೇರಿ ಅಷ್ಟು ತೂಗದಿದ್ದರೆ ಜೀನಿನ ಬಟ್ಟೆಯ ಜೇಬಿನಲ್ಲಿ ಸೀಸದ ತುಂಡುಗಳನ್ನಿಟ್ಟು ಭರ್ತಿ ಮಾಡುತ್ತಾರೆ. ಎಲ್ಲ ಕುದುರೆಗಳೂ ಒಂದೇ ಗೆರೆಯಲ್ಲಿ ಬಂದು ಮುಟ್ಟಬೇಕು ಎಂಬುದೇ ಈ ರೇಟಿಂಗ್ ಕೊಡುವ ಹ್ಯಾಂಡಿಕ್ಯಾಪರನ ಗುರಿ. ಹೀಗಿರುವಾಗ "ಯಾವ ಕುದುರೆ ಒಳ್ಳೆಯದು" ಎಂದು ಕೇಳಿ ಪ್ರಯೋಜನವಿಲ್ಲ. ಒಳ್ಳೆಯದರ ಬೆನ್ನ ಮೇಲೆ ಆಗಲೇ ಭಾರ ಹೇರಿಯಾಗಿದೆ. ಕೇಳಬೇಕಾದ ಪ್ರಶ್ನೆ ಇದು: ಯಾವ ಕುದುರೆಯ ಇಂದಿನ ಶಕ್ತಿಗೆ ಅದರ ರೇಟಿಂಗ್ ಇನ್ನೂ ತಲುಪಿಲ್ಲ?

ಮಾವನವರ ಪದ್ಧತಿ ಎಲ್ಲಿ ಎಡವುತ್ತದೆ ಎಂಬುದು ಒಂದು ಉದಾಹರಣೆಯಿಂದ ಸ್ಪಷ್ಟವಾಗುತ್ತದೆ. ಕಳೆದ ತಿಂಗಳು 1400 ಮೀಟರ್ ಓಟದಲ್ಲಿ ಒಂದು ಕಂದು ಕುದುರೆ 58 ಕಿಲೋ ಹೊತ್ತು, 56 ಕಿಲೋ ಹೊತ್ತಿದ್ದ ಒಂದು ಕಪ್ಪು ಕುದುರೆಯನ್ನು ಮೂರು ಲೆಂತ್ (ಒಂದು ಲೆಂತ್ ಎಂದರೆ ಒಂದು ಕುದುರೆಯ ಉದ್ದ) ಅಂತರದಿಂದ ಸೋಲಿಸಿತು ಎಂದುಕೊಳ್ಳಿ. ಗೆದ್ದದ್ದರ ರೇಟಿಂಗ್ 6 ಅಂಕ ಏರಿತು, ಸೋತದ್ದರದು ಇದ್ದಲ್ಲೇ ಉಳಿಯಿತು. ಈ ವಾರ ಅವೆರಡೂ ಅದೇ ದೂರಕ್ಕೆ ಮತ್ತೆ ಎದುರಾದಾಗ ಕಂದು ಕುದುರೆಯ ಮೇಲೆ 59 ಕಿಲೋ, ಕಪ್ಪಿನ ಮೇಲೆ 54 ಕಿಲೋ ಬರುತ್ತದೆ. ಮೊದಲು ಎರಡು ಕಿಲೋ ಇದ್ದ ವ್ಯತ್ಯಾಸ ಈಗ ಐದು ಕಿಲೋ ಆಯಿತು. ಈ ದೂರದಲ್ಲಿ ಒಂದು ಲೆಂತಿಗೆ ಸುಮಾರು ಒಂದು ಕಿಲೋ ಎಂದು ಲೆಕ್ಕ ಹಿಡಿಯುವುದು ವಾಡಿಕೆ. 1000 ಮೀಟರಿನಂಥ ಚಿಕ್ಕ ಓಟದಲ್ಲಿ ಅದು ಒಂದೂಕಾಲು ಕಿಲೋಗಿಂತ ಹೆಚ್ಚಾಗುತ್ತದೆ, 2400 ಮೀಟರಿನಲ್ಲಿ ಅರ್ಧ ಕಿಲೋದ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಹೆಚ್ಚಿನ ಮೂರು ಕಿಲೋ ಆ ಮೂರು ಲೆಂತನ್ನು ಅಳಿಸಿಹಾಕಿದೆ, ಕಾಗದದ ಮೇಲೆ ಎರಡೂ ಸರಿಸಮ. ಕಳೆದ ಸಲ ಗೆದ್ದದ್ದು ಎಂಬ ಒಂದೇ ಕಾರಣಕ್ಕೆ ಕಂದು ಕುದುರೆಯನ್ನು ಹಿಡಿಯುವವರು ಸರಿಸಮವಾದ ಓಟದಲ್ಲಿ ಒಂದು ಕಡೆಗೆ ವಾಲುತ್ತಿದ್ದಾರೆ.

ಆ ಮೂರು ಲೆಂತ್ ಹೇಗೆ ಬಂತು ಎಂಬಲ್ಲಿಂದ ನಿಜವಾದ ಓದು ಶುರುವಾಗುತ್ತದೆ. ಕೊನೆಯ ನೂರು ಮೀಟರಿನಲ್ಲಿ ಜಾಕಿ ಚಾವಟಿ ಎತ್ತದೆ ಲಗಾಮು ಬಿಗಿಹಿಡಿದೇ ಬಂದಿದ್ದರೆ ಕುದುರೆಯಲ್ಲಿ ಇನ್ನೂ ಶಕ್ತಿ ಉಳಿದಿತ್ತು, ಹ್ಯಾಂಡಿಕ್ಯಾಪರ್ ಏರಿಸಿದ 6 ಅಂಕ ಸಾಲದೆ ಹೋಗಿರಬಹುದು. ಸೋತ ಕುದುರೆ ಗೇಟಿನಿಂದ ತಡವಾಗಿ ಹೊರಬಿದ್ದಿತ್ತೇ, ತಿರುವಿನಲ್ಲಿ ಹೊರ ಅಂಚಿಗೆ ಸರಿದು ಹೆಚ್ಚು ದೂರ ಓಡಿತ್ತೇ, ದಾರಿ ಸಿಗದೆ ಎರಡು ಕುದುರೆಗಳ ಹಿಂದೆ ಸಿಕ್ಕಿಬಿದ್ದಿತ್ತೇ ಎಂಬುದನ್ನೂ ನೋಡಬೇಕು. ಕಾರ್ಡಿನಲ್ಲಿ "4" ಎಂಬ ಅಂಕಿ ಮಾತ್ರ ಕಾಣುತ್ತದೆ, ನಾಲ್ಕನೆಯದಾಗಿ ಬಂದ ಬಗೆ ಕಾಣುವುದಿಲ್ಲ. ರೇಸ್ ಕ್ಲಬ್ಬುಗಳು ಹಳೆಯ ಓಟಗಳ ವಿಡಿಯೊಗಳನ್ನು ನೋಡಲು ಇಡುತ್ತವೆ. ಪತ್ರಿಕೆಯ ಟಿಪ್ಪಣಿ ಓದುವುದಕ್ಕಿಂತ, ನೀವು ಲಕ್ಷ್ಯ ಇಟ್ಟಿರುವ ಕುದುರೆಯ ಕೊನೆಯ ಎರಡು ಓಟಗಳನ್ನು ಕಣ್ಣಾರೆ ನೋಡುವುದು ಎಷ್ಟೋ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್ಲ ಓಟಗಳೂ ಹ್ಯಾಂಡಿಕ್ಯಾಪ್ ಅಲ್ಲ. ಡರ್ಬಿ, ಗಿನೀಸ್ ಮುಂತಾದ ದೊಡ್ಡ ಓಟಗಳಲ್ಲಿ ರೇಟಿಂಗ್ ನೋಡಿ ಭಾರ ಹೇರುವುದಿಲ್ಲ. ಮುಂಬಯಿಯ ಮಹಾಲಕ್ಷ್ಮಿಯಲ್ಲಿ 2400 ಮೀಟರ್ ನಡೆಯುವ ಇಂಡಿಯನ್ ಡರ್ಬಿಯಲ್ಲಿ ಗಂಡುಕುದುರೆಗಳೆಲ್ಲ 57 ಕಿಲೋ, ಹೆಣ್ಣುಕುದುರೆಗಳು 55.5 ಕಿಲೋ ಹೊರುತ್ತವೆ. ಮಲಕಪೇಟೆಯಲ್ಲಿ ಅಕ್ಟೋಬರ್ 2ರಂದು 2000 ಮೀಟರ್ ಓಡುವ ಡೆಕ್ಕನ್ ಡರ್ಬಿಯೂ ಇದೇ ಬಗೆಯದು. ಇಂಥ ಓಟದಲ್ಲಿ ಮೇಲ್ದರ್ಜೆಯ ಕುದುರೆಗೆ ತನ್ನ ದರ್ಜೆಯ ಲಾಭ ಪೂರ್ತಿಯಾಗಿ ಸಿಗುತ್ತದೆ, ಆದ್ದರಿಂದ ಫೇವರಿಟ್ ಮೇಲೆ, ಅಂದರೆ ಜನ ಎಲ್ಲಕ್ಕಿಂತ ಹೆಚ್ಚು ಪಣ ಕಟ್ಟಿದ ಕುದುರೆಯ ಮೇಲೆ, ಹೆಚ್ಚು ನಂಬಿಕೆ ಇಡಬಹುದು. ಕಾರ್ಡ್ ಕೈಗೆ ಬಂದ ಕೂಡಲೇ ಪ್ರತಿ ರೇಸಿನ ತಲೆಯ ಮೇಲಿರುವ ಷರತ್ತಿನ ಸಾಲನ್ನು ಮೊದಲು ಓದಿ, ಕುದುರೆಗಳ ಹೆಸರಿಗೆ ಆಮೇಲೆ ಬನ್ನಿ ಎಂದು ನಾನು ಹೇಳುವುದು ಇದಕ್ಕಾಗಿಯೇ.

ನಂತರ ದೂರ ಮತ್ತು ಓಟದ ವೇಗ. 1200 ಮೀಟರಿನಲ್ಲಿ ಗೆದ್ದ ಕುದುರೆ 1600ಕ್ಕೆ ಏರಿದಾಗ ಅದರ ದಮ್ಮು ಸಾಕಾಗುತ್ತದೆಯೇ ಎಂಬುದಕ್ಕೆ ಅದರ ತಂದೆತಾಯಿಗಳ ಓಟದ ದೂರ ಒಂದು ಸುಳಿವು, ಕೊನೆಯ 400 ಮೀಟರಿನಲ್ಲಿ ಅದು ಮುಂದಕ್ಕೆ ಬರುತ್ತಿತ್ತೇ ಹಿಂದಕ್ಕೆ ಬೀಳುತ್ತಿತ್ತೇ ಎಂಬುದು ಇನ್ನೂ ಗಟ್ಟಿಯಾದ ಸುಳಿವು. ವೇಗದ ವಿಷಯವನ್ನು ಹೊಸಬರು ಹೆಚ್ಚಾಗಿ ಮರೆಯುತ್ತಾರೆ. ಮುಂದೆ ನುಗ್ಗಿ ಓಡುವ ಕುದುರೆ ರೇಸಿನಲ್ಲಿ ಒಂದೇ ಇದ್ದರೆ ಅದು ತನಗೆ ಬೇಕಾದ ವೇಗದಲ್ಲಿ ಓಡಿ ಕೊನೆಗೂ ಉಸಿರು ಉಳಿಸಿಕೊಳ್ಳುತ್ತದೆ. ಮೂರು ಇದ್ದರೆ ಒಂದನ್ನೊಂದು ಕೆಣಕಿ ಮೂರೂ ದಣಿಯುತ್ತವೆ, ಹಿಂದಿನಿಂದ ಬರುವ ಕುದುರೆಗೆ ದಾರಿ ತೆರೆಯುತ್ತದೆ. ಕಾರಹುಣ್ಣಿಮೆಯಂದು ಕರಿ ಹರಿಯಲು ಅಗಸಿಯತ್ತ ಬಿಟ್ಟ ಎತ್ತುಗಳಲ್ಲಿ, ಬೆನ್ನಟ್ಟುವ ಜೊತೆ ಇಲ್ಲದ ಎತ್ತು ಎಷ್ಟು ಹಗುರವಾಗಿ ಓಡುತ್ತದೆ ಎಂಬುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಪ್ರತಿ ಕುದುರೆಯ ಪಕ್ಕದಲ್ಲಿ "ಮುಂದೆ", "ನಡುವೆ", "ಹಿಂದೆ" ಎಂದು ಅದರ ಓಟದ ರೀತಿಯನ್ನು ಬರೆದುಕೊಳ್ಳಿ. ತಿರುವಿಗೆ ಹತ್ತಿರದಿಂದ ಓಟ ಶುರುವಾಗುವ ದೂರಗಳಲ್ಲಿ ಗೇಟಿನ ಸಂಖ್ಯೆಯೂ ಮುಖ್ಯ: ಹೊರಗಿನ ಗೇಟಿನಿಂದ ಹೊರಟ ಕುದುರೆ ಒಳಗೆ ಸರಿಯಲು ಶಕ್ತಿ ವ್ಯಯಿಸಬೇಕು, ಇಲ್ಲವೇ ತಿರುವಿನುದ್ದಕ್ಕೂ ಹೆಚ್ಚು ದೂರ ಓಡಬೇಕು.

ಮುಂಗಾರಿನ ಹಂಗಾಮಿನಲ್ಲಿ ನೆಲದ ಸ್ಥಿತಿ ಲೆಕ್ಕವನ್ನೇ ಬದಲಿಸಬಲ್ಲದು. ಹಲವು ರೇಸ್ ಕೋರ್ಸುಗಳಲ್ಲಿ ಪೆನೆಟ್ರೋಮೀಟರ್ ಎಂಬ ಸಾಧನದಿಂದ ನೆಲವನ್ನು ಅಳೆದು ಅಂಕಿಯನ್ನು ಪ್ರಕಟಿಸುತ್ತಾರೆ. ಅಂಕಿ ಏರಿದಷ್ಟೂ ನೆಲ ಮೆತ್ತಗಿದೆ ಎಂದರ್ಥ. ಹಸಿ ನೆಲದಲ್ಲಿ ಹೆಚ್ಚಿನ ತೂಕ ಇನ್ನಷ್ಟು ಕಾಡುತ್ತದೆ. ಬೆಳಿಗ್ಗೆ ಹುಮನಾಬಾದಿನಲ್ಲಿ ಸುರಿದ ಮಳೆ ಹೈದರಾಬಾದಿನಲ್ಲೂ ಸುರಿದಿರಬೇಕೆಂದೇನೂ ಇಲ್ಲವಾದ್ದರಿಂದ, ಅಲ್ಲಿನ ಅಂಕಿಯನ್ನೇ ನೋಡಿ.

ನೀವು ಜಾಕಿಯ ಹೆಸರು ನೋಡುವುದು ತಪ್ಪಲ್ಲ, ಆದರೆ ಹೆಸರಿಗಿಂತ ಬದಲಾವಣೆ ಹೆಚ್ಚು ಹೇಳುತ್ತದೆ. ಒಬ್ಬ ತರಬೇತುದಾರರ ಎರಡು ಕುದುರೆಗಳು ಒಂದೇ ರೇಸಿನಲ್ಲಿದ್ದಾಗ ಲಾಯದ ಮೊದಲ ಜಾಕಿ ಯಾವುದರ ಮೇಲೆ ಕೂತಿದ್ದಾನೆ, ಕಳೆದ ಸಲ ಕಲಿಕೆಯ ಹುಡುಗ ಓಡಿಸಿದ್ದ ಕುದುರೆಗೆ ಈ ಸಲ ಅನುಭವಿ ಜಾಕಿ ಬಂದಿದ್ದಾನೆಯೇ ಎಂಬುದನ್ನು ಗಮನಿಸಿ. ಇದಕ್ಕೆ ಎದುರಾದ ಇನ್ನೊಂದು ಮಾತೂ ಇದೆ: ಕಲಿಕೆಯ ಜಾಕಿಗಳಿಗೆ ತೂಕದಲ್ಲಿ ರಿಯಾಯಿತಿ ಸಿಗುತ್ತದೆ. ಮೇಲಿನ ಉದಾಹರಣೆಯ ಸರಿಸಮ ಓಟದಲ್ಲಿ ಕಂದು ಕುದುರೆಯ ಮೇಲಿಂದ ಎರಡು ಕಿಲೋ ಇಳಿದರೆ ಅದು ಎರಡು ಲೆಂತಿನ ಮಾತು.

ಬೆಳಗಿನ ತಾಲೀಮಿನ ಸಮಯಗಳನ್ನು, ಅಂದರೆ ಟ್ರ್ಯಾಕ್ ವರ್ಕ್ ವರದಿಯನ್ನು, ಎಚ್ಚರದಿಂದ ಓದಬೇಕು. 600 ಮೀಟರನ್ನು ಎಷ್ಟು ಸೆಕೆಂಡಿನಲ್ಲಿ ಓಡಿತು ಎಂಬುದಕ್ಕಿಂತ, ಎಷ್ಟು ಸಲೀಸಾಗಿ ಓಡಿತು ಎಂಬ ಟಿಪ್ಪಣಿ ಬೆಲೆಬಾಳುತ್ತದೆ. ತಿಂಗಳುಗಟ್ಟಲೆ ಓಡದೆ ಮರಳಿದ ಕುದುರೆಗೆ ಮಾತ್ರ ಈ ವರದಿ ಅನಿವಾರ್ಯ, ಏಕೆಂದರೆ ಅದರ ಇಂದಿನ ಸ್ಥಿತಿ ತಿಳಿಯಲು ಬೇರೆ ದಾರಿ ಇರುವುದಿಲ್ಲ.

ಕುದುರೆಯನ್ನು ಕಣ್ಣಿನಿಂದ ಅಳೆಯುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ರಷ್ಯಾದ ವರ್ತಕ ಅಫನಾಸಿ ನಿಕಿಟಿನ್ ತಾನು ತಂದ ಗಂಡುಕುದುರೆಯನ್ನು ಮಾರಿದ್ದು ಬೀದರಿನಲ್ಲೇ. ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರದಷ್ಟು ಕುದುರೆಗಳು ಮಾರಾಟಕ್ಕೆ ಬರುತ್ತವೆಂದು ಅವನು ಬರೆದಿಟ್ಟಿದ್ದಾನೆ. ಓಟಕ್ಕೆ ಮುಂಚೆ ಪ್ಯಾಡಕ್ಕಿನಲ್ಲಿ ಕುದುರೆಗಳನ್ನು ಸುತ್ತು ತಿರುಗಿಸುವುದನ್ನು ಪರದೆಯ ಮೇಲಾದರೂ ನೋಡಿ. ಮೈ ಹೊಳಪಾಗಿದ್ದು, ಕಿವಿ ನಿಮಿರಿ, ಹೆಜ್ಜೆ ಸಡಿಲವಾಗಿ ಉದ್ದಕ್ಕೆ ಬೀಳುತ್ತಿದ್ದರೆ ಅದು ಒಳ್ಳೆಯ ಲಕ್ಷಣ. ತೊಡೆಗಳ ನಡುವೆ ಬೆವರಿನ ನೊರೆ ಬಂದು ತಲೆ ಕೊಡವುತ್ತಿರುವ ಕುದುರೆ ಓಟಕ್ಕೆ ಮೊದಲೇ ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತಿದೆ.

ಇಷ್ಟೆಲ್ಲ ಆದ ಮೇಲೂ "ಇದೇ ಗೆಲ್ಲುತ್ತದೆ" ಎಂದು ಬರೆಯಬೇಡಿ. ಆಯ್ದ ರೇಸಿನ ಕುದುರೆಗಳಿಗೆ ನೂರು ಪಾಲನ್ನು ಹಂಚಿ. ಎಂಟು ಕುದುರೆಗಳಿದ್ದರೆ 30, 22, 15, 12, 8, 6, 4, 3 ಎಂದು ಹಂಚಬಹುದು. ಒಂದು ಕುದುರೆಗೆ 30 ಕೊಟ್ಟ ಮೇಲೆ ಅದು ಸೋಲುವ ಸಂಭವ 70 ಎಂಬುದು ಕಣ್ಣಿಗೆ ರಾಚುತ್ತದೆ. ಜಗತ್ತಿನ ಬಹುತೇಕ ರೇಸ್ ಕೋರ್ಸುಗಳಲ್ಲಿ ಫೇವರಿಟ್ ಗೆಲ್ಲುವುದೇ ಸುಮಾರು ಮೂರು ಓಟಗಳಲ್ಲಿ ಒಂದನ್ನು. 30 ಪಾಲಿನ ಕುದುರೆಗೆ ನ್ಯಾಯವಾದ ಬೆಲೆ ರೂಪಾಯಿಗೆ ಎರಡು ರೂಪಾಯಿ ಮೂವತ್ತಮೂರು ಪೈಸೆ ಲಾಭ. ಪಣದ ಮಾರುಕಟ್ಟೆ ಒಂದೂವರೆ ರೂಪಾಯಿ ಮಾತ್ರ ಕೊಡುತ್ತಿದ್ದರೆ, ಗೆಲ್ಲುವ ಸಂಭವ ಎಲ್ಲಕ್ಕಿಂತ ಹೆಚ್ಚಿದ್ದರೂ ಅದು ದುಬಾರಿಯೇ. ಇದಕ್ಕೆ ಸರ್ಕಾರದ ಪಾಲನ್ನೂ ಸೇರಿಸಿ: 2025ರ ಸೆಪ್ಟೆಂಬರ್ 22ರಿಂದ ರೇಸಿನ ಪಣದ ಮೇಲೆ ಜಿಎಸ್‌ಟಿ ಶೇ 40, ಗೆದ್ದ ಹಣದ ಮೇಲೆ ಆದಾಯ ತೆರಿಗೆ ಶೇ 30, ಅದರಲ್ಲಿ ಸೋತ ಹಣವನ್ನು ಕಳೆಯಲು ಅವಕಾಶವಿಲ್ಲ. ಈ ಹೊರೆ ಹೊತ್ತು ದೀರ್ಘಕಾಲ ಲಾಭ ಮಾಡುವುದು ನುರಿತವರಿಗೂ ಅಸಾಧ್ಯದ ಹತ್ತಿರ. ಊರಿನಲ್ಲಿ ಕದ್ದು ಪಣ ಬರೆದುಕೊಳ್ಳುವವರ ಬಳಿ ಹೋಗುವುದು ಅಪರಾಧ. ಹಾಗಾಗಿ ಮಾವನವರ ಜೊತೆ ಕಾಗದದ ಮೇಲೆ ನಡೆಸುವ ಈ ಸ್ಪರ್ಧೆಯನ್ನು ಕಾಗದದ ಮೇಲೆಯೇ ಇಡಿ ಎಂದು ನಿಮ್ಮನ್ನು ಮನಸಾರೆ ಕೇಳಿಕೊಳ್ಳುತ್ತೇನೆ.

ಮುಂದಿನ ಕಾರ್ಡಿಗೆ ಇಬ್ಬರೂ ಎರಡೆರಡು ರೇಸುಗಳನ್ನು ಮಾತ್ರ ಆರಿಸಿ, ಪಾಲುಗಳನ್ನು ಓಟಕ್ಕೆ ಮೊದಲೇ ಬರೆದಿಡಿ. ಹಂಗಾಮಿನ ಕೊನೆಗೆ, 30ರ ಸುತ್ತಮುತ್ತ ಪಾಲು ಕೊಟ್ಟ ಕುದುರೆಗಳನ್ನೆಲ್ಲ ಒಂದೆಡೆ ಸೇರಿಸಿ ಎಣಿಸಿ ನೋಡಿ. ಹತ್ತರಲ್ಲಿ ಮೂರರಷ್ಟು ಗೆದ್ದಿದ್ದರೆ ನಿಮ್ಮ ತೂಗುವಿಕೆ ಸರಿಯಾಗಿದೆ. ಒಂದೇ ಗೆದ್ದಿದ್ದರೆ, ತೂಕ, ದೂರ, ವೇಗ, ನೆಲ ಇವುಗಳಲ್ಲಿ ಯಾವುದಕ್ಕೆ ಹೆಚ್ಚು ಬೆಲೆ ಕೊಟ್ಟಿದ್ದೀರಿ ಎಂಬುದನ್ನು ಸೋತ ಕುದುರೆಗಳ ಪಕ್ಕದ ಟಿಪ್ಪಣಿಗಳಲ್ಲಿ ಹುಡುಕಬೇಕು.