ಸಾದಾ ಪೆಟ್ರೋಲ್ ಹಾಕಿ ಚೈನ್‌ಸಾ ಸೀಜ್ ಆದರೆ ಪೂರ್ತಿ ಸೆಟ್ ಬದಲಿಸಬೇಕೇ?

ಟೂ ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನಲ್ಲಿ ಬೆರೆಸುವ 2ಟಿ ಆಯಿಲ್ ಇಲ್ಲದೆ ಸಾದಾ ಪೆಟ್ರೋಲ್ ಹಾಕಿದರೆ ಚೈನ್‌ಸಾ ಸ್ಟಾರ್ಟೇ ಆಗುವುದಿಲ್ಲ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಿದ್ದಿದ್ದರೆ ಎಷ್ಟೋ ಮಷೀನು ಉಳಿಯುತ್ತಿದ್ದವು. ಅದು ಆರಾಮಾಗಿ ಸ್ಟಾರ್ಟ್ ಆಗುತ್ತದೆ, ಹೊಗೆಯೂ ಕಡಿಮೆ. ಸ್ವಲ್ಪ ಹೊತ್ತು ಕೊಯ್ದ ಮೇಲೆ ಎಳೆತ ಕಡಿಮೆಯಾಗುತ್ತದೆ, ಸದ್ದು ಬದಲಾಗುತ್ತದೆ, ಆಮೇಲೆ ಗಕ್ಕನೆ ನಿಲ್ಲುತ್ತದೆ. ಹಗ್ಗ ಎಳೆದರೆ ಅಲುಗುವುದಿಲ್ಲ. ಸೀಜ್ ಆಗುವುದು ಅಂದರೆ ಇದೇ. ಮಲೆನಾಡಿನ ಕಾಫಿ ತೋಟದಲ್ಲಿ ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡಿ ಬಿದ್ದ ಕೊಂಬೆಗಳನ್ನು ತುಂಡು ಮಾಡುವ ಹೊತ್ತಿನಲ್ಲಿ ಹೀಗಾದರೆ ಕೆಲಸವೂ ನಿಂತಿತು, ದುಡ್ಡೂ ಹೋಯಿತು.

ಮುಂಚೆ ಈ ತಪ್ಪು ಅಪರೂಪ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಓಡಿಸಿದವರಿಗೆ ಬಂಕಿನಲ್ಲಿ ಆಯಿಲ್ ಹಾಕಿಸುವುದು ಅಭ್ಯಾಸವೇ ಆಗಿತ್ತು. ಈಗಿನ ಪೆಟ್ರೋಲ್ ಸ್ಕೂಟರ್, ಬೈಕುಗಳೆಲ್ಲ ಫೋರ್ ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಬೆರೆಸುವ ಮಾತೇ ಇಲ್ಲ. ತೋಟದ ಮನೆಯಲ್ಲಿ ಒಂದೇ ಥರದ ಎರಡು ಕ್ಯಾನು ಪಕ್ಕಪಕ್ಕ ಇದ್ದರೆ ಯಾವುದರಲ್ಲಿ ಆಯಿಲ್ ಇದೆ ಅಂತ ಯಾರಿಗೂ ನೆನಪಿರುವುದಿಲ್ಲ.

ಸ್ಕೂಟರಿನ ಎಂಜಿನ್ ಕೆಳಗೆ ಆಯಿಲ್ ನಿಂತಿರುತ್ತದೆ. ಚೈನ್‌ಸಾವನ್ನು ನಾವು ಅಡ್ಡ ಹಿಡಿಯುತ್ತೇವೆ, ಮೇಲಕ್ಕೆತ್ತುತ್ತೇವೆ, ಕೆಲವೊಮ್ಮೆ ತಲೆಕೆಳಗೂ ಮಾಡುತ್ತೇವೆ. ಹೀಗೆ ತಿರುಗುವ ಎಂಜಿನ್ನಿನಲ್ಲಿ ಆಯಿಲ್ ಒಂದು ಕಡೆ ನಿಲ್ಲುವುದು ಕಷ್ಟ. ಅದಕ್ಕೇ ಟೂ ಸ್ಟ್ರೋಕ್: ಪೆಟ್ರೋಲು ಮತ್ತು ಗಾಳಿ ಮೊದಲು ಪಿಸ್ಟನ್ನಿನ ಕೆಳಗೆ, ಕ್ರ್ಯಾಂಕ್ ಇರುವ ಜಾಗಕ್ಕೆ ಹೋಗುತ್ತವೆ, ಅಲ್ಲಿಂದ ಮೇಲೆ ಬಂದು ಉರಿಯುತ್ತವೆ. ಹೋಗುವ ದಾರಿಯಲ್ಲಿ ಪೆಟ್ರೋಲಿನೊಳಗಿನ ಆಯಿಲ್ ಬೇರಿಂಗಿಗೆ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿಗೆ, ಸಿಲಿಂಡರಿನ ಗೋಡೆಗೆ ಅಂಟಿಕೊಳ್ಳುತ್ತದೆ. 50ಕ್ಕೆ 1ರ ಲೆಕ್ಕದಲ್ಲಿ ಬೆರೆಸಿದರೆ ಲೀಟರಿಗೆ ಬರೀ 20 ಮಿಲಿಲೀಟರ್. ಇಡೀ ಎಂಜಿನ್ನಿಗೆ ಸಿಗುವುದು ಅಷ್ಟೇ, ಬೇರೆ ದಾರಿ ಇಲ್ಲ. ಚೈನಿಗೆ ಹಾಕುವ ಆಯಿಲ್ ಬೇರೆ ಟ್ಯಾಂಕಿನದು, ಅದು ಎಂಜಿನ್ನಿನ ಹತ್ತಿರಕ್ಕೂ ಬರುವುದಿಲ್ಲ.

ಈಗ ವೇಗ ನೋಡಿ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ನಿಮಿಷಕ್ಕೆ ಸುಮಾರು 13,000 ಸುತ್ತು. ಪಿಸ್ಟನ್ನಿನ ಓಡಾಟ 34 ಮಿಲಿಮೀಟರ್ ಅಂತ ಇಟ್ಟುಕೊಂಡರೆ ಅದು ಸರಾಸರಿ ಗಂಟೆಗೆ 50 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಗೋಡೆಗೆ ಉಜ್ಜುತ್ತಿರುತ್ತದೆ. ಆಯಿಲ್ ಇಲ್ಲದಿದ್ದರೆ ತಿಕ್ಕಾಟಕ್ಕೇ ಬಿಸಿ ಏರುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಬಿಸಿಯಾದರೆ ಚೆನ್ನಾಗಿಯೇ ಹಿಗ್ಗುತ್ತದೆ. 45 ಮಿಲಿಮೀಟರ್ ಅಗಲದ ಪಿಸ್ಟನ್ 100 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 0.09 ಮಿಲಿಮೀಟರ್ ದಪ್ಪವಾಗುತ್ತದೆ. ಪಿಸ್ಟನ್ನಿಗೂ ಗೋಡೆಗೂ ನಡುವೆ ಇರುವ ಸಂದಿಯೇ ಮಿಲಿಮೀಟರಿನ ನೂರರ ಕೆಲವು ಭಾಗದಷ್ಟು. ಹೊರಗಿನ ಸಿಲಿಂಡರಿಗೆ ಫ್ಯಾನಿನ ಗಾಳಿ ತಾಗುವುದರಿಂದ ಅದು ಅಷ್ಟು ಹಿಗ್ಗುವುದಿಲ್ಲ. ಸಂದಿ ಮುಚ್ಚುತ್ತದೆ, ಮೆತ್ತಗಿನ ಅಲ್ಯೂಮಿನಿಯಂ ಗೋಡೆಗೆ ಮೆತ್ತಿಕೊಳ್ಳುತ್ತದೆ. ಸಾಮಾನ್ಯವಾಗಿ ಇದು ಶುರುವಾಗುವುದು ಸೈಲೆನ್ಸರ್ ಇರುವ ಕಡೆ, ಯಾಕೆಂದರೆ ಬಿಸಿ ಹೊಗೆ ಹೊರಹೋಗುವ ಜಾಗ ಅದೇ.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತು ಒಂದಿದೆ. ಸೀಜ್ ಆದ ಎಂಜಿನ್ ಬಿಚ್ಚಿ, ಬೋರಿನಲ್ಲಿ, ಅಂದರೆ ಸಿಲಿಂಡರಿನ ಒಳಗೋಡೆಯಲ್ಲಿ, ಗೀರು ಕಂಡ ಕೂಡಲೇ ಸಿಲಿಂಡರ್, ಪಿಸ್ಟನ್ ಸೇರಿ ಪೂರ್ತಿ ಸೆಟ್ ಬದಲಿಸಿ ಅನ್ನುತ್ತಾರಲ್ಲ, ಒಂದು ನಿಮಿಷ ತಡೆಯಿರಿ. ಒಳ್ಳೆಯ ಚೈನ್‌ಸಾಗಳ ಬೋರಿಗೆ ಒಳಗಡೆ ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ ತೆಳು ಲೇಪ ಇರುತ್ತದೆ, ಕೆಲವಕ್ಕೆ ಕ್ರೋಮ್. ಇವು ಪಿಸ್ಟನ್ನಿಗಿಂತ ಎಷ್ಟೋ ಪಾಲು ಗಟ್ಟಿ. ನಿಮಗೆ ಗೀರಾಗಿ ಕಾಣುವುದು ಎಷ್ಟೋ ಸಲ ಗೋಡೆಯ ಗಾಯವೇ ಅಲ್ಲ, ಅದರ ಮೇಲೆ ಮೆತ್ತಿಕೊಂಡ ಪಿಸ್ಟನ್ನಿನ ಲೋಹ. ಅದನ್ನು ತೆಗೆಯಬಹುದು.

ಹಾಗಾಗಿ ನಿಂತ ಮಷೀನಿನ ಹಗ್ಗ ಜಗ್ಗಬೇಡಿ, ತಣ್ಣಗಾಗಲಿ. ಪ್ಲಗ್ ಬಿಚ್ಚಿ, ಸೈಲೆನ್ಸರ್ ಬಿಚ್ಚಿ, ಆ ಕಿಂಡಿಯಿಂದ ಟಾರ್ಚ್ ಬಿಟ್ಟು ಪಿಸ್ಟನ್ ನೋಡಿ. ನುಣ್ಣಗಿದ್ದರೆ ಅದೃಷ್ಟ. ಉದ್ದುದ್ದ ಗೀರುಗಳಿದ್ದು, ಪಿಸ್ಟನ್ನಿನ ಸುತ್ತ ಇರುವ ರಿಂಗು ತಾನು ಕೂರುವ ತೋಡಿನಲ್ಲೇ ಅಂಟಿ ಕೂತಿದ್ದರೆ ಸಿಲಿಂಡರ್ ಬಿಚ್ಚಲೇಬೇಕು. ಬಿಚ್ಚಿದ ಮೇಲೆ ನುಣುಪು ಎಮರಿ ಕಾಗದದಿಂದ ಬೋರನ್ನು ಕೈಯಲ್ಲೇ ಅಡ್ಡಡ್ಡ ಉಜ್ಜಿ. ಹಟಮಾರಿ ಅಂಟಿಗೆ ಬಾತ್‌ರೂಮ್ ತೊಳೆಯುವ ಹೈಡ್ರೋಕ್ಲೋರಿಕ್ ಆಸಿಡನ್ನು ಇಯರ್ ಬಡ್ಡಿನಲ್ಲಿ ಒಂದೊಂದೇ ಚುಕ್ಕೆ ಮುಟ್ಟಿಸುವ ಪದ್ಧತಿ ಇದೆ. ಅಲ್ಯೂಮಿನಿಯಂ ನೊರೆಯುಕ್ಕಿ ಕರಗುತ್ತದೆ, ಹೊರಬರುವುದು ಹೈಡ್ರೋಜನ್, ಆದ್ದರಿಂದ ಹತ್ತಿರ ಬೆಂಕಿ ಕೂಡದು. ಬಯಲಲ್ಲಿ, ಕನ್ನಡಕ ಗ್ಲೌಸ್ ಹಾಕಿಕೊಂಡೇ ಮಾಡಿ. ಸಿಲಿಂಡರಿನ ಕಿಂಡಿಗಳ ಅಂಚಿನಲ್ಲಿ ಲೇಪವಿಲ್ಲದ ಅಲ್ಯೂಮಿನಿಯಂ ಇರುತ್ತದೆ, ಅಲ್ಲಿ ತಾಗಿದರೆ ಅದನ್ನೂ ತಿನ್ನುತ್ತದೆ. ಕ್ರೋಮ್ ಬೋರಿಗಂತೂ ಆಸಿಡ್ ಬೇಡವೇ ಬೇಡ. ಕೊನೆಗೆ ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು, ಒಣಗಿಸಿ, ಆಯಿಲ್ ಸವರಿ.

ಈಗ ಉಗುರು ಆಡಿಸಿ ನೋಡಿ. ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಸಿಲಿಂಡರ್ ಉಳಿಯಿತು, ಹೊಸ ಪಿಸ್ಟನ್ ರಿಂಗು ಸಾಕು. ಲೇಪ ಕಿತ್ತು ಒಳಗಿನ ಲೋಹ ಕಂಡರೆ ಮಾತ್ರ ಹೊಸ ಸಿಲಿಂಡರ್. ಯೆಜ್ಡಿಯ ಬೀಡುಕಬ್ಬಿಣದ ಬೋರನ್ನು ಲೇತಿನವರು ಕೊರೆದು ಓವರ್‌ಸೈಜ್ ಪಿಸ್ಟನ್ ಹಾಕುತ್ತಿದ್ದರು. ಲೇಪದ ಬೋರಿಗೆ ಅದು ನಡೆಯುವುದಿಲ್ಲ, ಕೊರೆದರೆ ಲೇಪವೇ ಹೋಗುತ್ತದೆ.

ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಅಲ್ಲಾಡಿಸುವುದನ್ನು ಮರೆಯಬೇಡಿ. ಟಕ್ ಅಂತ ಸಡಿಲ ಸಿಕ್ಕರೆ ಕೆಳಗಿನ ಬೇರಿಂಗೂ ಹೋಗಿದೆ, ಖರ್ಚು ಬೇರೆಯೇ ಲೆಕ್ಕ. ಒಳಗೆ ಬಿದ್ದ ಲೋಹದ ಚೂರುಗಳನ್ನು ಆಯಿಲ್ ಬೆರೆಸಿದ ಪೆಟ್ರೋಲಿನಿಂದ ಪೂರ್ತಿ ತೊಳೆಯಬೇಕು. ಪಿಸ್ಟನ್ ತಲೆಯ ಮೇಲೆ ಬಾಣದ ಗುರುತಿದ್ದರೆ ಅದು ಸೈಲೆನ್ಸರ್ ಕಡೆ ಇರಲಿ. ರಿಂಗಿನ ಎರಡು ತುದಿ ತೋಡಿನೊಳಗಿನ ಸಣ್ಣ ಪಿನ್ನಿಗೆ ಸರಿಯಾಗಿ ಕೂರಲಿ, ತಪ್ಪಿದರೆ ಕಿಂಡಿಗೆ ಸಿಕ್ಕಿ ತುಂಡಾಗುತ್ತದೆ.

ಟ್ಯಾಂಕಿಗೆ ಡೀಸೆಲ್ ಅಥವಾ ಚೈನ್ ಆಯಿಲ್ ಬಿದ್ದಿದ್ದರೆ ಇಷ್ಟು ಭಯ ಬೇಡ. ಹೊಗೆಯಾಡಿ ನಿಲ್ಲುತ್ತದೆ, ಖಾಲಿ ಮಾಡಿ ತೊಳೆದು ಪ್ಲಗ್ ಒರೆಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ನನಗೆ ಹೆಚ್ಚು ಚಿಂತೆ ಇರುವುದು ಆಯಿಲ್ ಸರಿಯಾಗಿ ಬೆರೆಸಿಯೂ ಸೀಜ್ ಮಾಡಿಕೊಳ್ಳುವವರದು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು, ಅಂದರೆ 20% ಎಥನಾಲ್. ಎಷ್ಟೋ ಚೈನ್‌ಸಾಗಳ ಕೈಪಿಡಿಯಲ್ಲಿ 10%ವೇ ಗಡಿ. ಎಥನಾಲ್ ಉರಿಯಲು ಪೆಟ್ರೋಲಿನಷ್ಟು ಗಾಳಿ ಬೇಡ, ಹಾಗಾಗಿ ಹಳೇ ಸೆಟ್ಟಿಂಗಿನ ಕಾರ್ಬೊರೇಟರಿನಲ್ಲಿ ಗಾಳಿ ಜಾಸ್ತಿಯಾಗಿ ಎಂಜಿನ್ ಬಿಸಿಯೇರುತ್ತದೆ. ಇನ್ನೊಂದು, ಎಥನಾಲ್ ನೀರನ್ನು ಹೀರುತ್ತದೆ. ಮಳೆಗಾಲವಿಡೀ ಮುಚ್ಚಳ ಸಡಿಲವಾಗಿ ಇಟ್ಟ ಕ್ಯಾನಿನಲ್ಲಿ ನೀರು ಮಿತಿ ಮೀರಿದರೆ ನೀರು ಎಥನಾಲ್ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ. ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಚೈನ್‌ಸಾದ ಟ್ಯಾಂಕಿನೊಳಗಿನ ಫಿಲ್ಟರ್ ಬಿದ್ದಿರುವುದೂ ತಳದಲ್ಲೇ, ಅದು ಹೀರುವುದು ಆಯಿಲ್ ಇಲ್ಲದ ಆ ದ್ರವವನ್ನೇ. ಹಳೇ ಮಿಶ್ರಣವನ್ನು ಮೊದಲು ಗಾಜಿನ ಬಾಟಲಿಗೆ ಬಗ್ಗಿಸಿ, ಸ್ವಲ್ಪ ಹೊತ್ತು ಬಿಟ್ಟು ಬೆಳಕಿಗೆ ಹಿಡಿಯಿರಿ. ಎರಡು ಪದರ ಕಂಡರೆ ಕುಲುಕಿ ಹಾಕಲು ಹೋಗಬೇಡಿ, ಅದು ಎಂಜಿನ್ನಿಗೆ ಬೇಡ. ತಿಂಗಳುಗಟ್ಟಲೆ ಮಷೀನು ಎತ್ತಿಡುವವರು ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿದು ತಾನಾಗಿ ಆಫ್ ಆಗುವವರೆಗೆ ಐಡಲ್‌ನಲ್ಲಿ ಬಿಡಿ.